ನಗುವವರಿಗೆ ಬೆಂಚಿಲ್ಲ

ಬೀದಿಯ ತಿರುವಿನಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಅಕ್ಕನದು. ಒಂದು ಕುರ್ಚಿ, ಒಂದು ಕನ್ನಡಿ, ಗೋಡೆಗೆ ಒರಗಿದ ಉದ್ದನೆಯ ಬೆಂಚು. ಹಲ್ಲುನೋವಿನಿಂದ ಹಿಡಿದು ನಾದಿನಿಯ ಬಿಂಕದವರೆಗೆ ಎಲ್ಲ ಸುದ್ದಿಯೂ ಆ ಬೆಂಚಿನ ಮೇಲೆ ಹರಿದಾಡುತ್ತದೆ. ಅಕ್ಕ ಯಾವುದಕ್ಕೂ ಅಡ್ಡ ಬರುವುದಿಲ್ಲ, ಒಂದನ್ನು ಬಿಟ್ಟು. ಮನೆಯಲ್ಲಿ ತಾವೇ ಕತ್ತರಿ ಆಡಿಸಿ ಕೂದಲು ಕೆಡಿಸಿಕೊಂಡವರು ತಲೆಗೆ ಬಟ್ಟೆ ಸುತ್ತಿಕೊಂಡು ಬಂದಾಗ, ಅವಳು ಕುರ್ಚಿಯನ್ನು ಕನ್ನಡಿಯಿಂದ ಆಚೆ ತಿರುಗಿಸಿ, ಬೆಂಚಿಗೂ ಅವರಿಗೂ ನಡುವೆ ತಾನು ನಿಂತು ಬಟ್ಟೆ ಬಿಚ್ಚುತ್ತಾಳೆ. ನಕ್ಕವರು ಎದ್ದು ಹೊರಗೆ ನಿಲ್ಲಬೇಕು. ಒಮ್ಮೆ ಸ್ವಂತ ಅತ್ತೆಯನ್ನೇ ನಿಲ್ಲಿಸಿದ್ದಳು.

ಪಕ್ಕದಲ್ಲೇ ಜೆರಾಕ್ಸ್ ಅಂಗಡಿ ಇಟ್ಟಿರುವ ತಮ್ಮ ಅವಳಿಗೊಂದು ಬ್ಲಾಗ್ ಮಾಡಿಕೊಟ್ಟ. ಒರಟು ಕೂದಲಿನ ಮೊಂಡುತನ, ಸುಳಿ ಎತ್ತ ತಿರುಗಿದರೆ ಬೈತಲೆ ಎಲ್ಲಿ ತೆಗೆಯಬೇಕು, ಇಂಥವನ್ನೇ ಬರೆದಳು. ಓದುವವರು ಮೆಲ್ಲನೆ ಕೂಡಿಕೊಂಡರು.

ಒಂದು ದಿನ ದೂರದೂರಿನ ಹುಡುಗಿಯೊಬ್ಬಳು ತನ್ನ ಹಿಂದಲೆಯ ಫೋಟೋ ಕಳಿಸಿದಳು. ಗ್ರಂಥಾಲಯದ ಕೆಲಸಕ್ಕೆ ನಾಡಿದ್ದು ಸಂದರ್ಶನ, ತಾನೇ ಕತ್ತರಿಸಿಕೊಂಡು ಹೀಗಾಗಿದೆ, ಬ್ಲಾಗಿನಲ್ಲಿ ಹಾಕಿ, ಯಾರಾದರೂ ದಾರಿ ಹೇಳಿಯಾರು ಎಂದು ಬರೆದಿದ್ದಳು. ನಾಲ್ಕು ಜನ ನಾಲ್ಕು ಉಪಾಯ ಹೇಳಿಯಾರೆಂದು ಅಕ್ಕನಿಗೂ ಅನ್ನಿಸಿತು. ಹಾಕಿದಳು, ಬಂದವರ ತಲೆ ತೊಳೆಯಲು ಹೋದಳು.

ಮಧ್ಯಾಹ್ನ ತಮ್ಮ ಫೋನ್ ಹಿಡಿದು ಬಂದ. "ಅಕ್ಕಾ, ನಿನ್ನ ಅದೃಷ್ಟ ಖುಲಾಯಿಸ್ತು. ಜನಾನೋ ಜನ."

ಅಕ್ಕ ಕೈ ಒರೆಸಿಕೊಂಡು ಓದಿದಳು. ಇಲಿ ಕಡಿದಿದೆಯಾ ಎಂದು ಒಬ್ಬ ಕೇಳಿದ್ದ. ಇಲಿಗೂ ಇಷ್ಟು ಹಸಿವಿರಲ್ಲ ಎಂದು ಇನ್ನೊಬ್ಬಳು. ಅದರ ಬಾಲ ಹಿಡಿದುಕೊಂಡು ಉಳಿದವರೆಲ್ಲ. ಉಪಾಯ ಹೇಳಿದವರು ಒಬ್ಬರೂ ಇರಲಿಲ್ಲ. ಕೊನೆಯಲ್ಲಿ ಹುಡುಗಿಯ ಸಂದೇಶವಿತ್ತು: "ದಯವಿಟ್ಟು ಫೋಟೋ ತೆಗೀರಿ. ನಾನು ಸಂದರ್ಶನಕ್ಕೆ ಹೋಗ್ತಿಲ್ಲ."

ಅಕ್ಕ ಮೊದಲು ಫೋಟೋ ತೆಗೆದಳು. ಆಮೇಲೆ ಇಲಿಗಳನ್ನು ಒಂದೊಂದಾಗಿ ಅಳಿಸತೊಡಗಿದಳು.

"ಯಾಕೆ ಅಳಿಸ್ತೀಯಾ? ಇಂಟರ್ನೆಟ್ ಅಂದ್ರೇನೇ ಹೀಗೆ, ಸಂತೆ ಇದ್ದಂಗೆ," ಎಂದ ತಮ್ಮ.

"ಸಂತೆ ಎಲ್ಲಾದ್ರೂ ಇರ್ಲಿ ಮಾರಾಯ. ಆ ಹುಡುಗಿ ಬಂದಿದ್ದು ನನ್ನ ಅಂಗಡಿಗೆ."

"ಅಂಗಡಿ ಖಾಲಿ ಹೊಡೆಯುತ್ತೆ, ನೋಡ್ತಿರು."

"ಹೊಡೀಲಿ. ಗುಡಿಸೋದು ಸುಲಭ ಆಗುತ್ತೆ."

ಕುರ್ಚಿಯಲ್ಲಿ ಕೂತಿದ್ದ ನರ್ಸಮ್ಮ ಒದ್ದೆ ತಲೆಯಲ್ಲೇ ಕಾದರು. ಅಕ್ಕ ಹುಡುಗಿಗೆ ಬರೆದಳು: ಇನ್ನು ಕತ್ತರಿ ಮುಟ್ಟಬೇಡಮ್ಮ. ಕೂದಲು ಒದ್ದೆ ಇರುವಾಗಲೇ ಎಡಕ್ಕೆ ಬೈತಲೆ ತೆಗಿ. ಮೇಲಿನ ಉದ್ದ ಕೂದಲನ್ನು ಹಿಂದಕ್ಕೆ ತಂದು ಗಿಡ್ಡ ಜಾಗದ ಮೇಲೆ ಮಲಗಿಸಿ ಪಿನ್ನು ಹಾಕು. ಒಣಗಿದ ಮೇಲೆ ಫೋಟೋ ನನಗೊಬ್ಬಳಿಗೇ ಕಳಿಸು. ನಿನ್ನನ್ನು ಅಷ್ಟು ಜನರ ಮುಂದೆ ಕೂರಿಸಿ ನಾನು ಒಳಗೆ ಹೋಗಬಾರದಿತ್ತು.

ಅಂದಿನಿಂದ ಅಕ್ಕ ಬ್ಲಾಗಿನ ಪ್ರತಿಕ್ರಿಯೆಗಳನ್ನು ತಾನು ಓದದೆ ಹೊರಗೆ ಬಿಡುವುದಿಲ್ಲ. ತಲೆಗಳ ನಡುವಿನ ಬಿಡುವಿನಲ್ಲಿ ಓದುತ್ತಾಳೆ. ಇಲಿಯವನು ಸಿಟ್ಟಿನಿಂದ ಬರೆದ, "ಮಾತಾಡೋಕೂ ನಿಮ್ಮ ಅಪ್ಪಣೆ ಬೇಕಾ?" ಅಕ್ಕ ಅದನ್ನು ಅಳಿಸದೆ ಉತ್ತರ ಕೊಟ್ಟಳು: "ನಿಮ್ಮ ಬಾಯಿ ನಾನೇನೂ ಕಟ್ಟಿಲ್ಲ. ನಗೋದಾದ್ರೆ ಬೆಂಚಿಂದ ಎದ್ದು ಆಚೆ ಹೋಗಿ ನಗಿ ಅಂದೆ, ಅಷ್ಟೇ." ಎರಡೇ ದಿನದಲ್ಲಿ ಬ್ಲಾಗಿಗೆ ಹೊಸಬರು ಬರುವುದು ನಿಂತೇಹೋಯಿತು. ತಮ್ಮ ಮುಖ ಸಪ್ಪಗೆ ಮಾಡಿಕೊಂಡು ತಿರುಗಿದ.

ಹುಡುಗಿ ಮಾತ್ರ ಉತ್ತರಿಸಿರಲಿಲ್ಲ. ಅಕ್ಕ ಯಾರಿಗೂ ಹೇಳದೆ ಮತ್ತೆಮತ್ತೆ ಫೋನ್ ತೆಗೆದು ನೋಡುತ್ತಿದ್ದಳು. ಸಂದರ್ಶನದ ದಿನವೂ ಸಂಜೆಯಾಯಿತು. ಯಾರದೋ ಮುಂಗೂದಲು ಅಳೆಯುತ್ತಿದ್ದಾಗ ಫೋನ್ ಗುಂಯ್ ಎಂದಿತು.

"ಹೋಗಿದ್ದೆ ಅಕ್ಕ. ಪಿನ್ನು ಜಾರಲಿಲ್ಲ. ನನ್ನ ತಲೆಯನ್ನ ಯಾರೂ ನೋಡ್ಲೇ ಇಲ್ಲ, ಪ್ರಶ್ನೆಗಳೇ ತಲೆ ತಿಂದ್ವು. ಕೆಲಸ ಸಿಗುತ್ತೋ ಇಲ್ಲವೋ ಗೊತ್ತಿಲ್ಲ."

ಅಕ್ಕ ಎರಡು ಸಲ ಓದಿದಳು. ಕೆಲಸ ಸಿಕ್ಕರೂ ಸಿಗದಿದ್ದರೂ ಕೂದಲು ಬೆಳೆದ ಮೇಲೆ ಒಮ್ಮೆ ಬಾ ಎಂದು ಬರೆದು, ಮುಂಗೂದಲನ್ನು ಮತ್ತೆ ಮೊದಲಿನಿಂದ ಅಳೆದಳು.