ಮೈಬೂಬಸಾಬರ ಸೊಂಟದ ಸರ್ಟಿಫಿಕೇಟು

ತಾಂಬಾದ ಮೈಬೂಬಸಾಬರು ಇಪ್ಪತ್ತೆರಡು ವರ್ಷ ಶಾಲೆಯ ಬಸ್ಸು ಓಡಿಸಿದವರು. ಒಂದು ದಿನವೂ ಕಾಯಿಲೆಯ ರಜೆ ಹಾಕಿದವರಲ್ಲ. ಹಾಗಂತ ಉಕ್ಕಿನ ದೇಹ ಅಂದುಕೊಳ್ಳಬೇಡಿ. ಯಾರು ಏನು ಕೇಳಿದರೂ “ಆರಾಮ ಅದೀನ್ರಿ” ಎನ್ನುವುದು ಅವರ ಚಾಳಿ. ಮಲೇರಿಯಾ ಬಂದು ಗಡಗಡ ನಡುಗುತ್ತಲೇ ಬೀಗರಿಗೆ ಹಾಗೆಂದ ಮಹಾನುಭಾವರು!

ಈಗ ಸೊಂಟ ಕೈಕೊಟ್ಟಿತ್ತು. “ಡಾಕ್ಟರ್ ಚೀಟಿ ತಂದ್ರ ರಜಾ. ಇಲ್ಲಂದ್ರ ಸೋಮವಾರ ಬಸ್ ಹತ್ತು” ಎಂದುಬಿಟ್ಟಿದ್ದರು ಹೆಡ್‌ಮಾಸ್ತರು. ಹೆಂಡತಿ ಸಗೀರಾ ಅವರನ್ನು ಎಳೆದುಕೊಂಡು ಹೋಗಿ ಝಳಕಿಯ ಡಾಕ್ಟರ್ ವಸುಧಾಬಾಯಿಯವರ ಮುಂದೆ ಕೂರಿಸಿದಳು. ವಸುಧಾಬಾಯಿ ಬಲು ಕಟ್ಟುನಿಟ್ಟು. ಕಣ್ಣಾರೆ ನೋಡದೆ, ರೋಗಿಯ ಬಾಯಿಂದಲೇ ಕೇಳದೆ ಒಂದಕ್ಷರ ಬರೆಯುವವರಲ್ಲ.

“ಎಲ್ಲಿ ನೋಯತೈತ್ರಿ?”

“ಆರಾಮ ಅದೀನ್ರಿ ಬಾಯಾರ. ನೀವು ಆರಾಮ?”

ಸಗೀರಾ ಹಣೆ ಚಚ್ಚಿಕೊಂಡಳು. “ಮೊನ್ನಿಂದ ಬಚ್ಚಲಕ್ಕ ಗ್ವಾಡಿ ಹಿಡ್ಕೊಂಡು ಹೊಂಟಾರ್ರಿ! ಮೊನ್ನಿ ತಾರೀಖು ಹಾಕಿ ಬರದ್ ಬಿಡ್ರಿ.”

“ನಾ ನೋಡಿದ್ದು ಇವತ್ತ, ತಾರೀಖೂ ಇವತ್ತಿಂದ. ಮೊದಲ ಅವರು ಬಾಯಿ ಬಿಡ್ಲಿ.”

ಡಾಕ್ಟರು ಸೊಂಟ ಒತ್ತಿದರು. ಇವರು ಹಲ್ಲು ಕಚ್ಚಿ ನಕ್ಕರು. ಕಾಲು ಎತ್ತಿಸಿದರು, ಕಣ್ಣಲ್ಲಿ ನೀರು ಬಂತು, “ಧೂಳ್ರಿ” ಎಂದರು. ಸಾಕುಸಾಕಾಗಿ ವಸುಧಾಬಾಯಿ ಪೆನ್ನು ಕೆಳಗಿಟ್ಟು, “ಹೋಗ್ಲಿ, ನಿಮ್ಮ ಬಸ್ಸರೆ ಹ್ಯಾಂಗೈತ್ರಿ?” ಎಂದು ಕೇಳಿದರು.

ಕಟ್ಟೆ ಒಡೆಯಿತು. “ಅದರ ಸುದ್ದಿ ತೆಗೀಬ್ಯಾಡ್ರಿ! ಸೀಟು ಹರದೈತಿ. ಹಂಪ್ ಬಂದ್ರ ಸೊಂಟದಿಂದ ಹಿಮ್ಮಡಿ ಮಟ ಚಳಕ್ ಅಂತೈತಿ. ಅರ್ಧ ತಾಸು ಕುಂತ್ರ ಕಾಲು ಜೋಮ್ ಹಿಡೀತೈತಿ. ಮೊನ್ನಿ ನಾ ಬ್ರೇಕ್ ತುಳಿಯೂದ್ರಾಗ ಎಮ್ಮಿ ತಾನ ದಾಟಿ ಹೋತು, ಪುಣ್ಯಾಕ!”

ವಸುಧಾಬಾಯಿ ಸರಸರನೆ ಬರೆದು ಗಟ್ಟಿಯಾಗಿ ಓದಿದರು. “ಅರ್ಧ ತಾಸಿಗಿಂತ ಹೆಚ್ಚು ಕೂರಲಾಗದು. ಕಾಲು ಜೋಮು ಹಿಡಿಯುವುದರಿಂದ ಸಮಯಕ್ಕೆ ಬ್ರೇಕ್ ತುಳಿಯಲಾಗದು. ಹದಿನೈದು ದಿನ ವಾಹನ ಚಲಾಯಿಸಬಾರದು. ಮತ್ತೆ ಪರೀಕ್ಷಿಸಿದ ಮೇಲೆಯೇ ಕೆಲಸ.”

ಮೈಬೂಬಸಾಬರು ಲೊಚಗುಟ್ಟಿದರು. “ಪಾಪ! ಯಾರ್ರಿ ಇವಾ? ಬಸ್ಸಿನ್ಯಾಗ ಸಣ್ಣ ಮಕ್ಕಳು ಇರ್ತಾವ. ಇಂಥಾವನ ಕೈಯಾಗ ಸ್ಟೇರಿಂಗ್ ಕೊಡ್ತಾರೇನ್ರಿ? ಮೊದಲ ಮನಿಗೆ ಕಳಸ್ರಿ!”

ಡಾಕ್ಟರು ಸಹಿ ಹಾಕಿ ಚೀಟಿಯನ್ನು ಅವರ ಕೈಗೇ ಕೊಟ್ಟರು. ಮೇಲಿದ್ದ ಹೆಸರು ಓದಿದ ಮೈಬೂಬಸಾಬರ ಮುಖದ ಮೇಲಿನ ನಗು ಮೆಲ್ಲಗೆ ಇಳಿಯಿತು. ಕುರ್ಚಿಗೆ ಒರಗಿ ಹೆಂಡತಿಯ ಕೈ ಹಿಡಿದುಕೊಂಡರು.

“ಸಗೀರಾ, ಭಾಳ ನೋಯಾಕತ್ತೈತಿ” ಎಂದರು.