ಜರ್ಮನ್ ಸಾಹೇಬರ ಹಬ್ಬ ನಿನ್ನೆಯೇ ಮುಗಿದಿತ್ತು

ಗೆಳೆಯರೇ, ಹೈದರಾಬಾದಿನಿಂದ ಬರುವ ಪತ್ರಿಕೆಯಲ್ಲಿ ಕ್ರಿಸ್ಮಸ್ ಇಂದು ಎಂದಿತ್ತು. ಅದನ್ನು ನಂಬಿ, ಕಮಲಾಪುರದಿಂದ ಕೆಂಪು ಬಾಳೆಗೊನೆ ತರಿಸಿಕೊಂಡು, ಬೆಳಿಗ್ಗೆ ಕಲಬುರಗಿಯಲ್ಲಿ ನಾನು ಲೆಕ್ಕ ಬರೆಯುವ ಮುನಶಿಯಾಗಿರುವ ಹತ್ತಿ ಕಂಪನಿಯ ಜರ್ಮನ್ ಸಾಹೇಬರ ಬಂಗಲೆಗೆ ಹೋದೆ. ಹಬ್ಬಕ್ಕೆ ಹಣ್ಣು ಒಯ್ದವರಿಗೆ ಸಾಹೇಬರು ಇನಾಮು ಕೊಡುವುದು ರೂಢಿ.

ಬಾಗಿಲಲ್ಲೇ ಬಟ್ಲರ್ ತಡೆದ. “ಇವತ್ತು ಇಂಗ್ಲಿಷರ ಹಬ್ಬರೀ. ನಮ್ಮ ಸಾಹೇಬ್ರ ದೇಶದಾಗ ಹಿಂದಿನ ದಿನ ಸಂಜೀಕೇ ಇನಾಮು ಹಂಚ್ತಾರ. ನಿನ್ನೇನೇ ಮುಗೀತು.”

ಅಲ್ಲೇ ನಿಂತಿದ್ದ, ಓದು ಬಾರದ ಹಮಾಲ ಗುಂಡಪ್ಪ ಜೇಬಿನಿಂದ ಹೊಳೆಯುವ ಗಡಿಯಾರ ತೆಗೆದ. “ನಾ ತಾರೀಖು ತಪ್ಪಿ ನಿನ್ನೇನ ಬಂದಿದ್ದೆರೀ, ಮುನಶಿಸಾಬ್ರ! ಸಾಹೇಬ್ರು ಇದನ್ನ ಕೊಟ್ರು. ಈಗ ಎಷ್ಟಾಗೈತಿ, ಜರಾ ನೋಡಿ ಹೇಳ್ರಿ.”

ಒಂಬತ್ತಾಗಿತ್ತು. ಇಷ್ಟು ವರ್ಷ ಖಚಿತವಾದದ್ದನ್ನೇ ಹೇಳಿಕೊಂಡು ಬಂದ ನಾನು, ಹನ್ನೊಂದು ಎಂದೆ.