ದರ್ಜಿಯ ಬಲಗಾಲು

ಹೃದಯದ ವಾರ್ಡಿನಲ್ಲಿ ಅವಳನ್ನು 'ಸಿಸ್ಟರ್' ಎಂದು ಕರೆಯುವವರು ರೋಗಿಗಳು ಮಾತ್ರ. ಉಳಿದವರಿಗೆಲ್ಲ ಅವಳು ಇಕ್ಕಳಕ್ಕ. ಅಪ್ಪನ ಸೈಕಲ್ ರಿಪೇರಿ ಅಂಗಡಿಯಲ್ಲಿ ಟಯರನ್ನು ಬರಿಗೈಯಲ್ಲೇ ರಿಮ್ಮಿಗೆ ಏರಿಸುತ್ತ ಬೆಳೆದವಳು. ನರ್ಸಿಂಗ್ ಕಲಿಯುವಾಗ ಜೊತೆಯ ಹುಡುಗಿಯರು, "ಇವಳ ಕೈಗೆ ಸೂಜಿ ಕೊಡ್ಬೇಡ್ರೇ, ಸ್ಪ್ಯಾನರ್ ಕೊಡಿ" ಎಂದು ಕಾಲೆಳೆದರೆ, "ಕೊಡಿ ಕೊಡಿ, ಮೊದಲು ನಿಮ್ಮ ತಲೆಯ ನಟ್ಟೇ ಬಿಗಿ ಮಾಡ್ತೀನಿ" ಎನ್ನುತ್ತಿದ್ದಳು. ವಿನಯವೆಂಬುದು ಅವಳ ಬೀದಿಗೂ ಕಾಲಿಟ್ಟಿರಲಿಲ್ಲ. "ನಾನಿದ್ದ ಪಾಳೀಲಿ ಯಾರೂ ಮೇಲಕ್ಕೆ ಹೋಗಲ್ಲ, ಮನೆಗೇ ಹೋಗೋದು" ಎಂದು ವಾರ್ಡಿಗೆಲ್ಲ ಕೇಳುವಂತೆ ಸಾರಿಕೊಂಡು ತಿರುಗುವ ಹೆಂಗಸು.

ಅಂಥವಳ ಪಾಳಿಗೆ ಒಂದು ಮಧ್ಯಾಹ್ನ ಒಬ್ಬ ದರ್ಜಿ ಬಂದ. ಕೈಯ ರಕ್ತನಾಳ ತೀರಾ ಸಪೂರವೆಂದು ಡಾಕ್ಟರು ತೊಡೆಯ ಸಂದಿನಿಂದ ತಂತಿ ತೂರಿಸಿ, ಹೃದಯದಲ್ಲಿ ಕಟ್ಟಿಕೊಂಡಿದ್ದ ನಾಳವನ್ನು ಬಲೂನಿನಿಂದ ಅಗಲಿಸಿ, ಸ್ಟೆಂಟ್ ಕೂರಿಸಿ ಕಳಿಸಿದ್ದರು. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಬಾರದು. ಅದಕ್ಕೆ ಔಷಧಿ ಕೊಟ್ಟಿದ್ದರು. ಹಾಗೆ ತೆಳುವಾದ ರಕ್ತ ತೊಡೆಯ ತೂತಿನಿಂದ ಹೊರಗೆ ನುಗ್ಗಲೂಬಾರದು. ಅದಕ್ಕೆ ಇಕ್ಕಳಕ್ಕ ಇದ್ದಳು.

"ಯಜಮಾನ್ರೇ, ಬಲಗಾಲು ಮಡಚಂಗಿಲ್ಲ, ಎತ್ತಂಗಿಲ್ಲ. ಈಗ ಅದು ನಿಮ್ಮದಲ್ಲ, ನಂದು."

"ತಗೊಳಮ್ಮ. ವಾಪಸ್ ಕೊಡ್ವಾಗ ಇಸ್ತ್ರಿ ಮಾಡಿ ಕೊಡು."

ಬಿಪಿ ನೋಡಿದಳು. ತೊಡೆಯ ಮೇಲಿನ ಪಟ್ಟಿ ಮುಟ್ಟಿದಳು. ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದಳು. ಎಲ್ಲ ಸರಿಯಿತ್ತು. ಪಕ್ಕದ ಮಂಚದವರಿಗೆ ಡ್ರಿಪ್ ಬದಲಿಸಲು ತಿರುಗಿದಳು.

ದರ್ಜಿ ಜೋಂಪಿಗೆ ಜಾರಿದ. ಜಾರುತ್ತಿದ್ದಂತೆಯೇ ಹೊದಿಕೆಯ ತುದಿ ಅಲುಗತೊಡಗಿತು. ಟಕ್ ಟಕ್, ಟಕ್ ಟಕ್. ಇಡೀ ಆಯುಷ್ಯ ಹೊಲಿಗೆ ಯಂತ್ರ ತುಳಿದ ಕಾಲು ಅದು, ನಿದ್ದೆಯಲ್ಲೂ ತುಳಿಯುವ ಕಾಲು. ಪಾದ ಒತ್ತುತ್ತಿತ್ತು, ಮೊಣಕಾಲು ಏಳುತ್ತಿತ್ತು, ಬೀಳುತ್ತಿತ್ತು. ಕಾಲಿನ ಮಾತು ನಡೆದ ಮೇಲೆ ಒಳಗೆ ಬಂದಿದ್ದ ಹೆಂಡತಿ ಪಕ್ಕದ ಸ್ಟೂಲಿನಲ್ಲೇ ಕೂತು ನೋಡುತ್ತಿದ್ದಳು. ನೋಡಿ ಅವಳ ಜೀವ ಹಗುರಾಯಿತು! ಮನೆಯಲ್ಲಿ ಗಂಡನ ಕಾಲು ಆಡದೆ ಸುಮ್ಮನಿದ್ದ ದಿನವೇ ಅವಳು ಗಾಬರಿಯಾಗುವುದು. ಎದೆ ಹಿಡಿದುಕೊಂಡು ಕುಸಿದ ದಿನವೂ ಆ ಕಾಲು ನಿಂತುಹೋಗಿತ್ತು. 'ಅಬ್ಬ, ಯಂತ್ರ ಶುರುವಾಯ್ತು' ಎಂದು ಹೊದಿಕೆಯನ್ನು ಇನ್ನಷ್ಟು ಬೆಚ್ಚಗೆ ಹೊದಿಸಿ, ಕಣ್ಣೊರೆಸಿಕೊಂಡಳು.

ಸ್ವಲ್ಪ ಹೊತ್ತಿಗೆ ದರ್ಜಿ ಎಚ್ಚರವಾಗಿ ನರಳಿದ. "ಸೊಂಟ ಹಿಡ್ಕೊಂಡಿದೆ ಕಣೇ. ಒಂಥರಾ ಬೆವರು."

ಇಕ್ಕಳಕ್ಕ ಒಂದೇ ನೆಗೆತಕ್ಕೆ ಬಂದಳು. ದರ್ಜಿಯ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಬಿಪಿ ಜಾರುತ್ತಿತ್ತು, ನಾಡಿ ಓಡುತ್ತಿತ್ತು. ಹೊದಿಕೆ ಕಿತ್ತೆಸೆದಳು. ಪಟ್ಟಿಯ ಮೇಲೆ ಒಂದು ಹನಿ ರಕ್ತವಿಲ್ಲ. ಆದರೆ ಪಟ್ಟಿಯ ಪಕ್ಕದಲ್ಲಿ ಚರ್ಮ ಕಿತ್ತಳೆ ಹಣ್ಣಿನಷ್ಟು ಉಬ್ಬಿ ಕಲ್ಲಾಗಿತ್ತು. ರಕ್ತ ಒಳಗೊಳಗೇ ಸೋರುತ್ತಿತ್ತು.

ತೂತಿನ ತುಸು ಮೇಲಕ್ಕೆ, ನಾಳ ಮಿಡಿಯುವಲ್ಲಿ, ಎರಡೂ ಕೈ ಜೋಡಿಸಿ ಮೈಭಾರವನ್ನೆಲ್ಲ ಇಳಿಸಿದಳು. "ಡಾಕ್ಟ್ರೇ! ತೊಡೇಲಿ ಬ್ಲೀಡಿಂಗ್!"

ವಾರ್ಡಿನ ಡಾಕ್ಟರಮ್ಮ ಓಡಿ ಬಂದಳು. ಮಂಚದ ತಲೆಭಾಗ ಇಳಿಯಿತು, ಸಲೈನ್ ಜೋರಾಯಿತು, ಎದೆಗೆ ಇಸಿಜಿ ತಂತಿಗಳು ಅಂಟಿದವು. ಉಬ್ಬಿನ ಸುತ್ತ ಪೆನ್ನಿನಿಂದ ಗೆರೆ ಎಳೆದಳು.

"ಹೃದಯ ಚೆನ್ನಾಗಿದೆ. ಸೋರ್ತಿರೋದು ಇಲ್ಲೇ" ಎಂದಳು. "ರಕ್ತ ಗಟ್ಟಿಯಾಗೋಕೆ ಔಷಧಿ ಕೊಟ್ರೆ ಹೊಸ ಸ್ಟೆಂಟೇ ಮುಚ್ಕೋಬಹುದು. ಮೊದ್ಲು ಒತ್ತಿ ನಿಲ್ಸೋಣ. ಗೆರೆ ದಾಟಿದ್ರೆ ಆಪರೇಷನ್ನೇ. ಕೈ ತೆಗೀಬೇಡಿ ಅಕ್ಕ."

"ತೆಗೆಯೋ ಮಾತೇ ಇಲ್ಲ."

ಆದರೆ ಕಾಲು ಕೇಳಬೇಕಲ್ಲ! ಹೆದರಿಕೆಗೆ ಅದು ಮತ್ತೂ ಜೋರಾಗಿ ತುಳಿಯತೊಡಗಿತು. ಒಂದೊಂದು ತುಳಿತಕ್ಕೂ ನಾಳ ಅವಳ ಕೈಯಡಿಯಿಂದ ಮೀನಿನಂತೆ ನುಣುಚುತ್ತಿತ್ತು. ಡಾಕ್ಟರಮ್ಮ ಮೊಣಕಾಲು ಅದುಮಿ ಹಿಡಿದರೆ ತೊಡೆಯೇ ಸೆಟೆದುಕೊಂಡಿತು. ಉಬ್ಬು ಗೆರೆಯನ್ನು ಮುಟ್ಟಿತು.

"ಕಾಲಾಡಿಸ್ಬೇಡಿ ಯಜಮಾನ್ರೇ!"

"ನಾನೆಲ್ಲಮ್ಮ ಆಡಿಸ್ತಿದೀನಿ? ಅದೇ ಆಡ್ತಿದೆ!"

ಇಕ್ಕಳಕ್ಕ ಹೆಂಡತಿಯತ್ತ ತಿರುಗಿದಳು. "ಅಮ್ಮ, ಬೇಗ ಹೇಳಿ, ಈ ಕಾಲು ಯಾವಾಗ ನಿಲ್ಲುತ್ತೆ?"

ಹೆಂಡತಿ ಸ್ಟೂಲಿನಿಂದ ಎದ್ದಳು. "ಬಟ್ಟೆ ಕತ್ತರಿಸ್ವಾಗ. ಕತ್ತರಿ ಹಿಡಿದ್ರೆ ಕಂಬದ ಥರ ನಿಂತ್ಬಿಡ್ತಾರೆ. ಆಗ ಮನೆಗೆ ಬೆಂಕಿ ಬಿದ್ರೂ ತಿರುಗಿ ನೋಡಲ್ಲ."

"ಯಜಮಾನ್ರೇ, ನನಗೊಂದು ಕೋಟು ಕತ್ತರಿಸಿ. ಈಗ್ಲೇ. ಬಾಯಲ್ಲೇ."

ದರ್ಜಿ ಕಣ್ಣರಳಿಸಿದ. ತನ್ನ ಮೇಲೆ ಬಗ್ಗಿದ್ದ ಅವಳ ಭುಜ, ತೋಳು ನೋಡಿದ. ಆ ಸಾವಿನ ಬಾಗಿಲಲ್ಲೂ ಅವನು ಮುಖ ಸಿಂಡರಿಸಿದ. "ಈ ಯೂನಿಫಾರ್ಮ್ ಹೊಲ್ದೋನು ಯಾರು? ತೋಳನ್ನ ಕೊಂದೇ ಹಾಕಿದಾನೆ."

"ಅವನನ್ನ ಆಮೇಲೆ ಬೈಯಿರಿ. ಬಟ್ಟೆ ಹಾಸಿ. ಮೊದಲು ಏನು?"

"ಮೊದ್ಲು ನೀರಲ್ಲಿ ನೆನೆಸಿ ಒಣಗಿಸ್ಬೇಕು, ಆಮೇಲೆ ಕುಗ್ಗಬಾರ್ದಲ್ಲ... ಹಿಂಭಾಗ ಮೊದಲು. ಭುಜ ಅಗಲ ಇದೆ ನಿಂಗೆ, ಅರ್ಧ ಇಂಚು ಜಾಸ್ತಿ ಬಿಡ್ತೀನಿ..."

"ಅರ್ಧ ಸಾಕಾ? ನಮ್ಮಪ್ಪ ಇದನ್ನ ಹ್ಯಾಂಡಲ್ ಬಾರ್ ಅಂತಿದ್ದ."

"ಸುಮ್ನಿರಮ್ಮ, ಕತ್ತರಿಸ್ವಾಗ ಮಾತಾಡಿಸ್ಬಾರ್ದು."

ಕಾಲು ನಿಂತಿತು.

ಕೈಯಡಿಯಲ್ಲಿ ನಾಳ ಸಿಕ್ಕಿತು. ಅವಳು ಹಿಡಿದಳು. ತೋಳು ಉರಿಯಿತು, ಹೆಬ್ಬೆರಳು ಮರಗಟ್ಟಿತು, ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕಿತು. ಪಾದದ ಬಳಿ ಕೂತ ಡಾಕ್ಟರಮ್ಮ, "ಇಲ್ಲಿ ನಾಡಿ ಸಿಗ್ತಿದೆ ಅಕ್ಕ, ಇಷ್ಟೇ ಒತ್ತಡ ಇರ್ಲಿ" ಎನ್ನುತ್ತಿದ್ದಳು. ದರ್ಜಿ ಕಾಲರು ಕತ್ತರಿಸಿದ, ಜೇಬು ಕತ್ತರಿಸಿದ. ಮಾತು ತೊದಲಿದಾಗಲೆಲ್ಲ ಅವಳು, "ಅಸ್ತರು ಯಾವ ಬಣ್ಣ? ಗುಂಡಿ ಎಷ್ಟು?" ಎಂದು ಕೆಣಕಿ ಎಬ್ಬಿಸಿದಳು.

ಎಡತೋಳು ಮುಗಿಯುವಷ್ಟರಲ್ಲಿ ಬಿಪಿ ಮೇಲೇರತೊಡಗಿತು. ಬಲತೋಳಿಗೆ ಬರುವಾಗ ದರ್ಜಿಯ ತುಟಿಗೆ ಬಣ್ಣ ಮರಳಿತ್ತು. ಉಬ್ಬು ಗೆರೆಯ ಮೇಲೆಯೇ ನಿಂತಿತ್ತು. ಒಂದು ಕೂದಲೆಳೆಯೂ ಆಚೆ ಹೋಗಿರಲಿಲ್ಲ. ಡಾಕ್ಟರಮ್ಮ ಮಂಚದ ಬಳಿಯಲ್ಲೇ ಹೊಟ್ಟೆಯ ಸ್ಕ್ಯಾನ್ ಮಾಡಿ, ಒಳಗೆಲ್ಲೂ ರಕ್ತ ಸೇರಿಕೊಂಡಿಲ್ಲವೆಂದು ಹೇಳಿದಾಗ ಇಕ್ಕಳಕ್ಕ ಕೈ ತೆಗೆದು, ಬಾಗಿದ್ದ ಬೆನ್ನು ಹಿಡಿದುಕೊಂಡು, "ಯಾರಾದ್ರೂ ನನ್ನ ನೆಟ್ಟಗೆ ನಿಲ್ಸ್ರೋ!" ಎಂದಳು.

ಉಳಿದ ಹೊತ್ತೆಲ್ಲ ಹೆಂಡತಿ ಗಂಡನ ಪಾದವನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಳು. ಕಾಲು ತುಸು ಅಲುಗಿದರೆ ಸಾಕು, "ರೀ, ಕತ್ತರಿ ಹಿಡೀರಿ" ಎಂದು ಗದರುತ್ತಿದ್ದಳು.

ಮರುದಿನ ಉಬ್ಬು ಮೆತ್ತಗಾಗಿತ್ತು. ಡಾಕ್ಟರಮ್ಮ ಒಪ್ಪಿದ ಮೇಲೆ ಇಕ್ಕಳಕ್ಕ ದರ್ಜಿಯನ್ನು ಮೆಲ್ಲಗೆ ಎಬ್ಬಿಸಿ ಕೂರಿಸಿ, ತಲೆಸುತ್ತು ಇಲ್ಲವೆಂದು ಖಾತ್ರಿ ಮಾಡಿಕೊಂಡು ನಿಲ್ಲಿಸಿದಳು. ಅವನು ಒಂದು ಕಾಲಿಟ್ಟ. ಇನ್ನೊಂದಿಟ್ಟ. ತೊಡೆಯ ಪಟ್ಟಿ ಒಣಗಿಯೇ ಇತ್ತು. ಪಕ್ಕದ ಮಂಚದವರು ಕತ್ತು ಚಾಚಿ ನೋಡಿದರು. ದರ್ಜಿ ವಾರ್ಡಿನ ಬಾಗಿಲ ತನಕ ನಡೆದು, ಚೌಕಟ್ಟು ಮುಟ್ಟಿ, ತಿರುಗಿ ನಿಂತು ನಕ್ಕ.

"ಇಲ್ಲಿಂದ ಮನೆಗೆ ದಾರಿ ಯಾವ ಕಡೆ?" ಎಂದ.

"ಬಲಕ್ಕೆ" ಎಂದಳು ಇಕ್ಕಳಕ್ಕ. ಆಮೇಲೆ ಮಂಚಗಳತ್ತ ತಿರುಗಿ ಕೂಗಿದಳು: "ಏನ್ರೀ ನೋಡ್ತೀರಾ ಎಲ್ಲ? ಚಪ್ಪಾಳೆ ತಟ್ರೀ!"

ವಾರ್ಡಿಗೆ ವಾರ್ಡೇ ತಟ್ಟಿತು.